ಗಜೇಂದ್ರಗಡದಿಂದ ಮಹಾಕೂಟದವರೆಗೆ: ಗುಡಿ ಬಿಟ್ಟು ಕಲ್ಲು ನೋಡಲು ಹೋದದ್ದು

ಬಾದಾಮಿ ನೋಡದ ಗದಗಿನವರು ಸಿಗುವುದು ಕಷ್ಟ. ಶಾಲೆಯ ಟ್ರಿಪ್ಪಿಗೆ ಒಂದು ಸಲ, ಬನಶಂಕರಿ ಜಾತ್ರೆಗೆ ಒಂದು ಸಲ, ಬೆಂಗಳೂರು ಕಡೆಯ ಬೀಗರು ಬಂದಾಗ ಅವರಿಗೆ ತೋರಿಸಲು ಇನ್ನೊಂದು ಸಲ. ಪ್ರತಿ ಸಲವೂ ಅದೇ ಮೆಟ್ಟಿಲು, ಅದೇ ನಾಲ್ಕು ಗುಹೆ, ಹದಿನೆಂಟು ಕೈಯ ನಟರಾಜನ ಮುಂದೆ ಅದೇ ಫೋಟೋ. ಆಮೇಲೆ ಕೆಳಗಿಳಿದು ಚಹಾ ಕುಡಿದು ಗಾಡಿ ಹತ್ತುವುದು. ಗುಹೆ ಕೊರೆದಿರುವ ಗುಡ್ಡವನ್ನು ಮಾತ್ರ ಯಾರೂ ನೋಡುವುದಿಲ್ಲ.

ಈ ಸಲ ಉಲ್ಟಾ ಮಾಡೋಣ ಅಂದವನು ನಮ್ಮ ಅಕ್ಕನ ಮಗ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಓದಿಗಿಂತ ಬಂಡೆ ಹತ್ತುವ ಹುಚ್ಚು ಜಾಸ್ತಿ. "ಮಾಮಾ, ಗುಡಿ ಆಮ್ಯಾಲ ನೋಡೋಣ. ಮೊದಲ ಕಲ್ಲು, ಅದೂ ನಡಕೊಂತ" ಅಂದ. ನಮ್ಮ ಮನೆಯಾಕೆ ತಕ್ಷಣ ಒಪ್ಪಿದಳು, ಒಂದು ಷರತ್ತಿನ ಮೇಲೆ: ದಿನಾ ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಗುಡ್ಡ ಹತ್ತಿಸಿ ಉಪವಾಸ ಕೆಡವುವ ನನ್ನ ಅಭ್ಯಾಸ ಆಕೆಗೆ ಚೆನ್ನಾಗಿ ಗೊತ್ತು.

ಮೊದಲ ದಿನ: ಗದಗ, ಗಜೇಂದ್ರಗಡ, ಸೂಡಿ

ಡಿಸೆಂಬರ್ ಕೊನೆ. ಬೆಳಿಗ್ಗೆ ಚಳಿ ಇತ್ತು. ಗದಗ ಬಿಟ್ಟರೆ ನರೇಗಲ್‌ವರೆಗೂ ನೆಲ ಸಪಾಟು, ಎರಡೂ ಕಡೆ ಎರಿ ಹೊಲ, ಕಡಲೆ, ಬಿಳಿಜೋಳ, ಅಲ್ಲಲ್ಲಿ ಕುಸುಬಿ. ನರೇಗಲ್‌ನಲ್ಲಿ ಮಿರ್ಚಿ-ಚಹಾ ಮುಗಿಸಿ ಮುಂದೆ ಹೊರಟರೆ ದೂರದಲ್ಲಿ ಗಾಳಿಯಂತ್ರಗಳು ಕಾಣತೊಡಗುತ್ತವೆ. ಅವುಗಳ ಬುಡದಲ್ಲಿರುವುದೇ ಗಜೇಂದ್ರಗಡದ ಗುಡ್ಡ. ಏರಿ ಇಳಿಯುವ ಗುಡ್ಡ ಅಲ್ಲ ಇದು. ಸಪಾಟು ಹೊಲ ಮುಗಿದ ಕೂಡಲೇ ನೆಟ್ಟಗೆ ಎದ್ದು ನಿಂತಿದೆ, ಮೇಲೆ ತಲೆ ಮತ್ತೆ ಸಪಾಟು. ಮರಳುಗಲ್ಲಿನ ಗುಡ್ಡದ ಗುರುತೇ ಇದು ಅಂತ ಅಳಿಯ ಕಾರಿನಲ್ಲೇ ಪಾಠ ಶುರು ಮಾಡಿದ.

ಅವನ ಪಾಠದ ಸಾರ ಇಷ್ಟು. ಈ ಕಲ್ಲು ಒಂದು ಕಾಲಕ್ಕೆ ಬರೀ ಮರಳು. ಹಳೆಯ ಹೊಳೆಗಳು ತಂದು ಸುರಿದ ಮರಳು ಪದರದ ಮೇಲೆ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿಕೊಂಡು ಕಲ್ಲಾಗಿದೆ. ಆಗಿ 50 ಕೋಟಿ ವರ್ಷದ ಮೇಲಾಯಿತು. ಗದಗ ಜಿಲ್ಲೆಯ ಈ ಅಂಚಿನಿಂದ ಬಾದಾಮಿ, ಬಾಗಲಕೋಟೆ, ಬೆಳಗಾವಿ ಜಿಲ್ಲೆಯವರೆಗೂ ಹರಡಿರುವ ಈ ಕಲ್ಲಿನ ಹರವಿಗೆ ಭೂವಿಜ್ಞಾನದವರು ಕಲಾದಗಿ ಅಂತ ಹೆಸರು ಕೊಟ್ಟಿದ್ದಾರೆ. ಹಣ್ಣಿನ ತೋಟಕ್ಕೆ ಹೆಸರಾದ ನಮ್ಮ ಕಲಾದಗಿಯೇ. ಅದರಲ್ಲೂ ಎರಡು ಗುಂಪು: ಕೆಳಗಿನ ಹಳೆಯ ಪದರಗಳು ಭೂಮಿಯ ಒತ್ತಡಕ್ಕೆ ಮಡಚಿ ಓರೆಯಾಗಿವೆ, ಅವುಗಳ ಮೇಲೆ ಬಂದು ಕೂತ ಬಾದಾಮಿ ಗುಂಪಿನ ಪದರಗಳು ಅಲುಗಾಡದೆ ಮಲಗಿವೆ. ಅದಕ್ಕೇ ತಲೆ ಸಪಾಟು.

"ಅಂದ್ರ ರೊಟ್ಟಿ ಒಟ್ಟಿದಂಗ" ಅಂದಳು ನಮ್ಮಾಕೆ. ಖಡಕ್ ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟದ್ದನ್ನು ನೋಡಿದವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ, ಅಂಚು ಒಡೆದು ಚೂರಾಗುವ ರೀತಿಯೂ ಅದೇ. ಅಳಿಯ ಮುಂದಿನ ಪಾಠ ನಿಲ್ಲಿಸಿದ.

ಕೋಟೆಗೆ ಊರೊಳಗಿಂದಲೇ ಮೆಟ್ಟಿಲು ಇವೆ. ಘೋರ್ಪಡೆ ಮನೆತನದ ಜಹಗೀರು ಇದು. 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಆದ ಒಪ್ಪಂದವನ್ನು ಇತಿಹಾಸದ ಪುಸ್ತಕಗಳು ಗಜೇಂದ್ರಗಡದ ಒಪ್ಪಂದ ಅಂತಲೇ ಕರೆಯುತ್ತವೆ. ಮೇಲೆ ಹೋದರೆ ಮನುಷ್ಯರು ಕಡಿಮೆ, ಗಾಳಿ ಜಾಸ್ತಿ. ಬಂಡೆಯಲ್ಲೇ ಕೊರೆದ ನೀರಿನ ಹೊಂಡಗಳಿವೆ. ತೆಗೆದ ಕಲ್ಲು ಕೋಟೆಗೆ, ಉಳಿದ ಗುಂಡಿ ನೀರಿಗೆ ಆಗಿರಬೇಕು ಅಂತ ನಮ್ಮ ಲೆಕ್ಕ. ಕಟ್ಟಿದ ಗೋಡೆ ಸ್ವಲ್ಪವೇ, ಉಳಿದ ಕಡೆ ಗುಡ್ಡದ ಅಂಚೇ ಗೋಡೆ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಊರು, ನೇಕಾರರ ಓಣಿಗಳು, ಆಚೆ ಕಪ್ಪು ಹೊಲ. ಕಪ್ಪು ಮಣ್ಣಿನ ಸೀಮೆ ಮುಗಿದು ಕೆಂಪು ಕಲ್ಲಿನ ಸೀಮೆ ಶುರುವಾಗುವುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಅಲ್ಲಿಂದ ಕಾಲಕಾಲೇಶ್ವರಕ್ಕೆ ಕಾರಿನಲ್ಲಿ ಸ್ವಲ್ಪವೇ ದಾರಿ. ಗುಡ್ಡದ ಮೈಗೆ ಅಂಟಿಕೊಂಡ ಗುಡಿ, ದೊಡ್ಡ ದೊಡ್ಡ ಮೆಟ್ಟಿಲು. ಇಲ್ಲಿ ನೋಡಬೇಕಾದದ್ದು ಅಂತರಗಂಗೆ. ಬಂಡೆಯ ಸಂದಿನಿಂದ ನೀರು ವರ್ಷವಿಡೀ ಇಳಿಯುತ್ತದೆ. ಕೆಳಗೆ ಹೊಲದಲ್ಲಿ ಬೋರ್‌ವೆಲ್ ಹಾಕಿಸಿ ನೀರು ಬೀಳದೆ ಸೋತವರು ಇರುವ ಸೀಮೆ ಇದು, ಮೇಲೆ ನೋಡಿದರೆ ಬರಿಗಲ್ಲಿನಿಂದ ನೀರು! ಭಕ್ತರಿಗೆ ಅದು ದೇವರ ಮಹಿಮೆ. ಅಳಿಯ ಹೇಳಿದ್ದು: ಮರಳುಗಲ್ಲಿನ ಬಿರುಕುಗಳಲ್ಲಿ ಮಳೆನೀರು ಮೆಲ್ಲಗೆ ಇಳಿಯುತ್ತದೆ, ಕೆಳಗೆ ಗಟ್ಟಿ ಪದರ ಅಡ್ಡ ಸಿಕ್ಕರೆ ಮುಂದೆ ಇಳಿಯಲಾಗದೆ ಬದಿಯಿಂದ ಹೊರಬರುತ್ತದೆ. ಎರಡೂ ಮಾತಿಗೆ ಜಗಳ ಇಲ್ಲ ಅಂತ ನಮ್ಮಾಕೆ ತೀರ್ಪು ಕೊಟ್ಟು ತೀರ್ಥ ತಗೊಂಡಳು. ಮಂಗಗಳು ಇಲ್ಲೂ ಇವೆ, ಕಾಯಿ-ಬಾಳೆಹಣ್ಣು ಚೀಲದೊಳಗೇ ಇರಲಿ.

ಮೆಟ್ಟಿಲ ಪಕ್ಕದ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಷರತ್ತು ಪೂರೈಸಿತು.

ಸೂಡಿ ದಾರಿಯಲ್ಲೇ ಬರುತ್ತದೆ. ಜೋಡುಗಳಸದ ಗುಡಿ, ಮೆಟ್ಟಿಲ ನಾಗಕುಂಡ, ಎಲ್ಲಾ ಕಲ್ಯಾಣ ಚಾಲುಕ್ಯರ ಕಾಲದ್ದು. ಇಂಥ ಊರು ಕೇರಳದಲ್ಲೋ ರಾಜಸ್ಥಾನದಲ್ಲೋ ಇದ್ದಿದ್ದರೆ ಬಸ್ಸುಗಟ್ಟಲೆ ಜನ ಬರುತ್ತಿದ್ದರು. ನಾವು ಹೋದಾಗ ಕುಂಡದ ಕಟ್ಟೆಯ ಮೇಲೆ ಎರಡು ಆಡು ಮಲಗಿದ್ದವು, ಬೇರೆ ಯಾರೂ ಇಲ್ಲ. ಅರ್ಧ ಗಂಟೆ ಇದ್ದು ಹೊರಟೆವು. ರೋಣ ದಾಟಿ, ಮಲಪ್ರಭಾ ದಾಟಿ, ಕತ್ತಲಾಗುವ ಹೊತ್ತಿಗೆ ಬಾದಾಮಿ. ಉಳಿದುಕೊಂಡ ಲಾಡ್ಜಿನಲ್ಲಿ ಬಿಸಿನೀರು ಇದೆ ಅಂದಿದ್ದರು. ಇತ್ತು, ಬೆಳಿಗ್ಗೆ ಎಂಟಕ್ಕೆ! ಗುಡ್ಡ ಹತ್ತುವವರು ಐದೂವರೆಗೇ ಏಳುತ್ತಾರೆ ಅಂತ ಅವರಿಗೆ ಯಾರು ಹೇಳಬೇಕು.

ಎರಡನೇ ದಿನ: ಸಿಡಿಲಫಡಿ, ಬಡಗಣ ಕೋಟೆ, ಭೂತನಾಥ

ಆರೂವರೆಗೆ ಅಗಸ್ತ್ಯ ತೀರ್ಥದ ದಂಡೆಯಲ್ಲಿದ್ದೆವು. ಹೊಂಡದ ಮೆಟ್ಟಿಲ ಮೇಲೆ ಆಗಲೇ ಬಟ್ಟೆ ಒಗೆಯುವ ಸದ್ದು. ಒಬ್ಬರು ಒಗೆದರೆ ನಾಲ್ಕು ಜನ ಒಗೆದಷ್ಟು ಕೇಳಿಸುತ್ತದೆ, ಮೂರು ಕಡೆ ಬಂಡೆಗಳು ಆ ಸದ್ದನ್ನು ವಾಪಸ್ ಕಳಿಸುತ್ತವೆ.

ಸಿಡಿಲಫಡಿಗೆ ದಾರಿ ಮ್ಯೂಸಿಯಂ ಕಡೆಯಿಂದ ಶುರು. ಸುಮಾರು 4 ಕಿಲೋಮೀಟರ್ ಒಂದು ಕಡೆಗೆ. ಮೊದಲ ಏರು ಮುಗಿಯುವವರೆಗೆ ಉಸಿರು ಹಿಡಿಯುತ್ತದೆ, ಆಮೇಲೆ ಗುಡ್ಡದ ತಲೆಯ ಮೇಲೆ ನಡೆಯುವುದಷ್ಟೇ. ಜಾಲಿ, ಕವಳಿ, ಒಣ ಕರಡ, ನಡುನಡುವೆ ಅಗಲ ಬಂಡೆ. ಬಂಡೆ ಬಂದಾಗಲೆಲ್ಲ ಕಾಲುದಾರಿ ಮಾಯ, ದಾಟಿದ ಮೇಲೆ ಮತ್ತೆ ಹುಡುಕಬೇಕು. ಆದ್ದರಿಂದ ಹೊಸಬರು ದಾರಿ ಗೊತ್ತಿರುವ ಊರಿನವರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಒಳ್ಳೆಯದು. ನಮಗೆ ಅಳಿಯ ಇದ್ದ. ಅವನು ಎರಡು ದಾರಿ ಕೂಡುವಲ್ಲಿ ನಿಂತು ತಲೆ ಕೆರೆದುಕೊಳ್ಳುವಾಗ ಕುರಿ ಹಿಂಡಿನ ಜೊತೆ ಒಬ್ಬ ಅಜ್ಜ ಬಂದರು.

"ಎಲ್ಲಿಂದ ಬಂದೀರಿ?"

"ಗದಗರೀ ಅಜ್ಜಾರ."

"ಗದಗಿನ್ಯಾಗ ಈ ಸಲ ಹೆಸರು ಕೈ ಹತ್ತಿತೇನು?"

ಸಿಡಿಲಫಡಿ ಎಲ್ಲಿ ಅಂತ ಕೇಳುವ ಮೊದಲು ಹೆಸರುಕಾಳಿನ ರೇಟು, ಉಳ್ಳಾಗಡ್ಡಿ ರೇಟು, ಮಳೆಯ ವಿಚಾರ ಎಲ್ಲಾ ಆಯಿತು. ಆಮೇಲೆ ಅವರು ಕೋಲಿನಿಂದ ದಿಕ್ಕು ತೋರಿಸಿ, "ಜೇನ ಅದಾವ ನೋಡ್ರಿ, ಗದ್ಲ ಮಾಡಬ್ಯಾಡ್ರಿ, ಆ ಸೆಂಟು ಗಿಂಟು ಹಚಗೊಂಡಿದ್ರ ದೂರ ನಿಂದರ್ರಿ" ಅಂದರು. ಈ ಮಾತನ್ನು ಹಗುರವಾಗಿ ತಗೋಬೇಡಿ. ಇಲ್ಲಿನ ಎತ್ತರದ ಬಂಡೆಗಳಲ್ಲಿ ಹೆಜ್ಜೇನಿನ ದೊಡ್ಡ ಹುಟ್ಟುಗಳು ನೇತಾಡುತ್ತವೆ. ಕೂಗುವುದು, ಕಲ್ಲು ಬೀಸುವುದು, ಬೀಡಿ ಹಚ್ಚುವುದು ಯಾವುದೂ ಬೇಡ.

ಸಿಡಿಲಫಡಿ ದೂರದಿಂದ ಕಾಣುವುದೇ ಇಲ್ಲ, ಹತ್ತಿರ ಹೋದಾಗ ಒಮ್ಮೆಲೇ ಎದುರಿಗೆ ಬರುತ್ತದೆ. ಎರಡು ದೊಡ್ಡ ಬಂಡೆಗಳ ನಡುವೆ ಕಲ್ಲೇ ಕಮಾನಾಗಿ ನಿಂತಿದೆ, ಯಾರೂ ಕಟ್ಟಿದ್ದಲ್ಲ. ಮೆತ್ತಗಿನ ಪದರ ಸವೆದು ಹೋಗಿ ಗಟ್ಟಿ ಪದರ ಮೇಲೆ ಉಳಿದುಕೊಂಡಿದೆ. ಚಾವಣಿಯಲ್ಲಿ ತೂತುಗಳು, ಅವುಗಳಿಂದ ಬಿಸಿಲು ನೆಲಕ್ಕೆ ಬೀಳುತ್ತದೆ. ಕೆಳಗೆ ನಾಲ್ಕು ಕುಟುಂಬ ಆರಾಮಾಗಿ ಇರಬಹುದಾದಷ್ಟು ನೆರಳು. ಇದ್ದವರೂ ಇದ್ದರು, ಇತಿಹಾಸ ಬರೆಯುವುದಕ್ಕೆ ಬಹಳ ಹಿಂದೆ. ಬಂಡೆಯ ಮೇಲೆ ಅವರು ಬಿಡಿಸಿದ ಕೆಂಪು ಬಣ್ಣದ ಚಿತ್ರಗಳಿವೆ.

ಚಿತ್ರ ಅಂದರೆ ಗೋಡೆ ತುಂಬಾ ಇರುತ್ತದೆ ಅಂತ ಅಂದುಕೊಂಡು ಹೋದರೆ ನಿರಾಸೆ ಆಗುತ್ತದೆ. ಮೊದಲ ಐದು ನಿಮಿಷ ನಮಗೂ ಏನೂ ಕಾಣಲಿಲ್ಲ, ಬರೀ ಕಲೆ. ಕಣ್ಣು ನೆರಳಿಗೆ ಹೊಂದಿಕೊಂಡ ಮೇಲೆ ಒಂದು ಗೆರೆ ಕಾಲಾಯಿತು, ಇನ್ನೊಂದು ಕೈಯಾಯಿತು, ಪಕ್ಕದಲ್ಲಿ ನಾಲ್ಕು ಕಾಲಿನ ಪ್ರಾಣಿ ಬಂತು. ಬಹಳಷ್ಟು ಮಾಸಿವೆ. ಕೆಲವು ಕಡೆ ಅವುಗಳ ಪಕ್ಕದಲ್ಲೇ ಈಗಿನ ಪ್ರೇಮಿಗಳ ಹೆಸರು, ಬಾಣ ಚುಚ್ಚಿದ ಹೃದಯ, ಇಸವಿ ಸಮೇತ. ಸಾವಿರಾರು ವರ್ಷ ಗಾಳಿ ಮಳೆ ತಡೆದುಕೊಂಡು ಬಂದ ಗೆರೆಯ ಮೇಲೆ ಮೊಳೆಯಿಂದ ಕೊರೆಯುವ ಕೈಗೆ ಏನು ಮಾಡಬೇಕು ಹೇಳಿ. ಮುಟ್ಟಲೂಬಾರದು ಅದನ್ನು, ಕೈಯ ಎಣ್ಣೆ-ಬೆವರಿಗೇ ಬಣ್ಣ ಹಾಳಾಗುತ್ತದೆ.

ನಮ್ಮಾಕೆ ಕಮಾನಿನ ಕೆಳಗೆ ಚಪ್ಪಲಿ ಬಿಚ್ಚಿ ಕೂತು, "ಇಲ್ಲೇ ಊಟ" ಅಂದಳು. ಗಂಟೆ ಇನ್ನೂ ಹತ್ತು ಆಗಿರಲಿಲ್ಲ. ಆದರೂ ಉಂಡೆವು.

ಬಿಸಿಲು ಏರುವ ಮೊದಲು ವಾಪಸ್ ಇಳಿದೆವು. ಇಳಿಯುವಾಗ ದೂರದ ಒಂದು ಗೋಡೆಯಲ್ಲಿ ಹಗ್ಗ ಹಾಕಿ ಹತ್ತುವವರು ಕಂಡರು. ಬಾದಾಮಿ ಈಗ ಬಂಡೆ ಹತ್ತುವವರ ಲೋಕದಲ್ಲಿ ದೊಡ್ಡ ಹೆಸರು, ಚಳಿಗಾಲದಲ್ಲಿ ಹೊರದೇಶದವರೂ ಬಂದು ವಾರಗಟ್ಟಲೆ ಇರುತ್ತಾರೆ. ಕಾರಣ ಮತ್ತೆ ಕಲ್ಲೇ. ಗಟ್ಟಿ ಮರಳುಗಲ್ಲು, ಪದರ ಪದರಕ್ಕೆ ಅಡ್ಡ ಸೀಳು, ಆ ಸೀಳಿನಲ್ಲಿ ಬೆರಳು ಕೂರುತ್ತದೆ. ಅಳಿಯನ ಕೈ ತುರಿಸುತ್ತಿತ್ತು. ಆದರೆ ಒಂದು ಮಾತು ಹೇಳಿದ, ನನಗೆ ಹೊಸದು: ಮಳೆ ಬಂದ ಮರುದಿನ ಮರಳುಗಲ್ಲು ಹತ್ತಬಾರದಂತೆ. ನೀರು ಕುಡಿದ ಕಲ್ಲಿಗೆ ಬಲ ಕಡಿಮೆ, ಹಿಡಿದ ತುಂಡೇ ಕೈಗೆ ಬರಬಹುದು. ಇನ್ನು ಸ್ಮಾರಕಗಳಿರುವ ಬಂಡೆಗಳ ತಂಟೆಗೆ ಹತ್ತುವವರು ಹೋಗುವಂತಿಲ್ಲ, ಹತ್ತುವುದೇನಿದ್ದರೂ ಅವುಗಳಿಂದ ದೂರದ ಗೋಡೆಗಳಲ್ಲಿ.

ಮಧ್ಯಾಹ್ನ ಮ್ಯೂಸಿಯಂ ತಂಪು. ಲಜ್ಜಾಗೌರಿಯ ಮೂರ್ತಿ ಅಲ್ಲಿದೆ, ಅದೊಂದಕ್ಕಾದರೂ ಒಳಗೆ ಹೋಗಿ ಬನ್ನಿ.

ನಾಲ್ಕಕ್ಕೆ ಬಡಗಣ ಕೋಟೆ ಹತ್ತಿದೆವು. ನನ್ನ ಮಟ್ಟಿಗೆ ಬಾದಾಮಿಯ ಅತಿ ಒಳ್ಳೆಯ ದಾರಿ ಇದೇ. ಮ್ಯೂಸಿಯಂ ಪಕ್ಕದಿಂದ ಬಾಗಿಲು ದಾಟಿದರೆ ಎರಡೂ ಕಡೆ ಬಂಡೆ, ನಡುವೆ ಸಂದಿ, ಸಂದಿಯಲ್ಲಿ ಮೆಟ್ಟಿಲು. ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೆ ಇಲ್ಲಿ ಗಾಳಿ ತಣ್ಣಗೆ. ಇಲ್ಲಿ ಒಂದು ಕಡೆ ಅಳಿಯ ನಿಂತು ಗೋಡೆಯ ಮೇಲೆ ಬೆರಳು ಇಟ್ಟ.

"ಮಾಮಾ, ಇಲ್ಲಿ ನೋಡು."

ನೋಡಿದೆ. ಅಡ್ಡ ಗೆರೆಗಳು, ಅದು ಗೊತ್ತಿದ್ದದ್ದೇ. ಆದರೆ ಎರಡು ಅಡ್ಡ ಗೆರೆಗಳ ನಡುವೆ ಸಣ್ಣ ಸಣ್ಣ ಓರೆ ಗೆರೆಗಳು, ಒಂದರ ಪಕ್ಕ ಒಂದು, ಎಲ್ಲಾ ಒಂದೇ ಕಡೆ ಬಾಗಿದ್ದವು. ಮೇಲಿನ ಪದರದಲ್ಲೂ ಹಾಗೇ, ಸ್ವಲ್ಪ ಬೇರೆ ಕೋನ. ಹೊಳೆಯ ತಳದಲ್ಲಿ ಮರಳಿನ ದಿಬ್ಬ ನೀರಿನ ಜೊತೆ ಸರಿಯುತ್ತಾ ಹೋಗುವಾಗ ಇಳಿಜಾರಿನ ಕಡೆ ಮರಳು ಜಾರಿ ಬೀಳುತ್ತದಲ್ಲ, ಆ ಜಾರಿಕೆಯ ಗೆರೆಗಳು ಇವು. ಓರೆ ಯಾವ ಕಡೆ ಇಳಿಯುತ್ತದೋ ನೀರು ಆ ಕಡೆ ಹರಿಯುತ್ತಿತ್ತು. ಗೋಡೆಗೆ ಹೆಬ್ಬೆರಳು ಒತ್ತಿ ಉಜ್ಜಿದೆ. ಮರಳಿನ ಕಣ ಅಂಟಿಕೊಂಡು ಬಂತು, ಹೊಳೆಯುವ ಎರಡು ಮೂರು ಕಣ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು, ಕಣ ಮಾತ್ರ ಬಿಳಿ. ಇಷ್ಟು ವರ್ಷ ಇದೇ ಗೋಡೆಗೆ ಕೈ ಊರಿ ಹತ್ತಿ ಇಳಿದವರು ನಾವು.

ಚಾಲುಕ್ಯರ ಒಂದನೇ ಪುಲಕೇಶಿ ಈ ಗುಡ್ಡಕ್ಕೆ ಕೋಟೆ ಕಟ್ಟಿದ್ದು 543ರಲ್ಲಿ, ಹಾಗಂತ ಇಲ್ಲೇ ಬಂಡೆಯ ಮೇಲೆ ಶಾಸನ ಇದೆ. ಕೆಳಗಿನಿಂದಲೂ ಮೇಲಿನಿಂದಲೂ ಯಾರಿಗೂ ಗೆಲ್ಲಲಾಗದ ಕೋಟೆ ಅಂತ ಅದರಲ್ಲಿ ಹೇಳಿಕೊಂಡಿದ್ದಾನೆ. ಸಂದಿಯಲ್ಲಿ ನಿಂತು ಓದಿದರೆ ಉತ್ಪ್ರೇಕ್ಷೆ ಅನಿಸುವುದಿಲ್ಲ, ಹತ್ತು ಜನ ಮೇಲಿಂದ ಕಲ್ಲು ಉರುಳಿಸಿದರೆ ಸಾಕು ಒಂದು ಸೈನ್ಯ ನಿಲ್ಲಲು. ಆದರೂ ನೂರು ವರ್ಷದೊಳಗೆ, 642ರಲ್ಲಿ, ಪಲ್ಲವರ ನರಸಿಂಹವರ್ಮ ಬಂದು ಊರನ್ನು ಗೆದ್ದ. ಅವನ ಶಾಸನವೂ ಇದೇ ಊರಿನ ಬಂಡೆಯ ಮೇಲಿದೆ.

ಮೇಲಣ ಶಿವಾಲಯದ ಹತ್ತಿರ ಶಾಲೆಯ ಮಕ್ಕಳ ದಂಡು. ಡಿಸೆಂಬರ್ ಅಂದ್ರೆ ಟ್ರಿಪ್ ಸೀಸನ್ ಅಲ್ವಾ. ಆಚೆ ಬದಿಯ ಗುಹೆಗಳ ಮೆಟ್ಟಿಲು ತುಂಬಾ ಬಣ್ಣ ಬಣ್ಣದ ಯೂನಿಫಾರ್ಮು, ಮಾಸ್ತರ್‌ಗಳ ಸೀಟಿ. ಆ ಕಡೆಯಿಂದ ಈ ಕಡೆಗೆ ನೋಡುವುದು ಎಲ್ಲರಿಗೂ ರೂಢಿ. ಈ ಕಡೆಯಿಂದ ಆ ಕಡೆ ನೋಡಿದರೆ ಗುಹೆ ಕೊರೆದವರ ಲೆಕ್ಕಾಚಾರ ತಿಳಿಯುತ್ತದೆ. ಎತ್ತರದ ಗೋಡೆಯಲ್ಲಿ ಎಲ್ಲೆಂದರಲ್ಲಿ ಕೊರೆದಿಲ್ಲ, ದಪ್ಪನೆಯ, ಬಿರುಕು ಕಡಿಮೆ ಇರುವ ಪದರ ಹುಡುಕಿ ಕೊರೆದಿದ್ದಾರೆ, ಅಡ್ಡ ಸೀಳು ಬಂದಲ್ಲಿ ಚಾವಣಿ ನಿಲ್ಲಿಸಿದ್ದಾರೆ. ಈ ಪದರಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರಿನಲ್ಲೂ ಗುಹಾಲಯ ಸೇರಿಕೊಂಡಿದೆ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನ ಇದೆ ಅಂತ ಗೈಡ್ ಎಲ್ಲರಿಗೂ ತೋರಿಸುತ್ತಾರೆ. ಅದೇ ಗುಹೆಯ ಚಾವಣಿಯಲ್ಲಿ, ಕಂಬಗಳಲ್ಲಿ ಕೆಂಪು-ಬಿಳಿ-ನೇರಳೆ ಪಟ್ಟೆಗಳು ಓಡಿವೆ, ಮೂರ್ತಿಗಳ ಮೈಮೇಲೂ ಹಾದು ಹೋಗಿವೆ. ಅದು ಬಳಿದ ಬಣ್ಣ ಅಲ್ಲ, ಕಲ್ಲಿನದೇ. ಅದನ್ನು ಯಾರೂ ತೋರಿಸುವುದಿಲ್ಲ.

ಸಂಜೆ ಭೂತನಾಥ. ಅಲ್ಲಿ ಜನ ಜಾಸ್ತಿ, ಸೆಲ್ಫಿ ಇನ್ನೂ ಜಾಸ್ತಿ. ನಾವು ಅಲ್ಲಿ ನಿಲ್ಲದೆ ತಟ್ಟುಕೋಟಿ ಕಡೆ ಸ್ವಲ್ಪ ನಡೆದು ಕಪ್ಪೆ ಅರಭಟ್ಟನ ಶಾಸನ ನೋಡಿದೆವು. ಕನ್ನಡದ ಬಹಳ ಹಳೆಯ ತ್ರಿಪದಿ, ಬಂಡೆಯಲ್ಲಿ ಕೊರೆದದ್ದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನಮ್ಮಾಕೆಗೆ ಪೂರ್ತಿ ನೆನಪಿತ್ತು, ನನಗೆ ಅರ್ಧ, ಅಳಿಯನಿಗೆ ಇಲ್ಲವೇ ಇಲ್ಲ. ಕಲ್ಲಿನ ವಿಷಯದಲ್ಲಿ ಇಡೀ ದಿನ ಪಾಠ ಹೇಳಿದವನಿಗೆ ಆಕೆ ವಾಪಸ್ ಬರುವ ದಾರಿ ಪೂರ್ತಿ ಪಾಠ ಹೇಳಿದಳು.

ಮೂರನೇ ದಿನ: ಮಹಾಕೂಟಕ್ಕೆ ನಡಿಗೆ, ಪಟ್ಟದಕಲ್ಲು

ಮಹಾಕೂಟಕ್ಕೆ ಕಾರಿನಲ್ಲಿ ಹೋದರೆ ಗುಡ್ಡ ಸುತ್ತಿ ಹೋಗಬೇಕು. ನಡೆದರೆ ಗುಡ್ಡದ ಮೇಲಿಂದಲೇ ಹಳೆಯ ದಾರಿ ಇದೆ, ಅರ್ಧಕ್ಕರ್ಧ ಉಳಿತಾಯ. "ನೀವಿಬ್ಬರೂ ನಡೀರಿ, ನಾನು ಬನಶಂಕರಿಗೆ ಹೋಗಿ ಕಾರು ತಗೊಂಡು ಆ ಕಡೆ ಬರ್ತೀನಿ" ಅಂತ ನಮ್ಮಾಕೆ ಕೀಲಿ ತಗೊಂಡಳು. ಬೆಳಗಿನ ಈ ಏರ್ಪಾಡು ಎಲ್ಲರಿಗೂ ಚೆನ್ನಾಗಿ ಒಗ್ಗಿತು.

ದಾರಿಯಲ್ಲಿ ಅಲ್ಲಲ್ಲಿ ಹಾಸುಗಲ್ಲು, ಅಲ್ಲಲ್ಲಿ ಬರೀ ಬಂಡೆ. ಮಳೆಗಾಲದಲ್ಲಿ ಬಂದರೆ ಕೊಳ್ಳಗಳಲ್ಲಿ ನೀರು ಇರುತ್ತದೆ, ಅಗಸ್ತ್ಯ ತೀರ್ಥಕ್ಕೆ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಡಿಸೆಂಬರಿನಲ್ಲಿ ಅದೆಲ್ಲಾ ಒಣ. ಅದರ ಬದಲು ನಡೆಯಲು ಸುಖ. ನವಿಲು ಕೂಗುವುದು ಕೇಳಿಸಿತು, ಕಾಣಲಿಲ್ಲ. ಒಂದು ಕಡೆ ಬಂಡೆಯ ಮೇಲ್ಮೈ ಪೂರ್ತಿ ಸಣ್ಣ ಸಣ್ಣ ಅಲೆ. ಮೆಲ್ಲಗೆ ಹರಿಯುವ ನೀರು ಮರಳಿನ ಮೇಲೆ ಮೂಡಿಸುವ ಅಲೆಗಳೇ, ಹಾಗೇ ಕಲ್ಲಾಗಿವೆ. ಚಪ್ಪಲಿ ಬಿಚ್ಚಿ ಅದರ ಮೇಲೆ ನಡೆದೆ, ಅಂಗಾಲಿಗೆ ಒಂದೊಂದೂ ಗೊತ್ತಾಗುತ್ತದೆ. ಮಲಪ್ರಭಾ ನೀರು ಇಳಿದಾಗ ಹೊಳೆಆಲೂರಿನ ದಂಡೆಯಲ್ಲಿ ಚಿಕ್ಕಂದಿನಲ್ಲಿ ಇದೇ ಅಲೆಗಳ ಮೇಲೆ ಓಡಾಡಿದ್ದೇವೆ. ಇಲ್ಲಿ ಅದು ಗಟ್ಟಿ, ಅಲ್ಲಿ ಕಾಲಿಟ್ಟರೆ ಅಳಿಯುತ್ತಿತ್ತು, ಅಷ್ಟೇ ವ್ಯತ್ಯಾಸ.

ಮಹಾಕೂಟದ ಕಡೆ ಇಳಿಯುವಾಗ ಹಳೆಯ ಬಾಗಿಲು ಸಿಗುತ್ತದೆ. ಅದರ ಎರಡೂ ಕಡೆ ಎಲುಬಿನ ಹಂದರದ ಹಾಗಿನ ಮೂರ್ತಿಗಳು, ಪಕ್ಕೆಲುಬು ಎಣಿಸಬಹುದು. ಕಾರಿನಲ್ಲಿ ಬಂದವರು ಇನ್ನೊಂದು ಕಡೆಯಿಂದ ನೇರ ಹೊಂಡಕ್ಕೆ ಹೋಗುತ್ತಾರೆ, ಈ ಬಾಗಿಲು ನೋಡುವುದೇ ಇಲ್ಲ. ಒಳಗೆ ವಿಷ್ಣು ಪುಷ್ಕರಣಿ. ನೀರು ತಿಳಿ, ತಳ ಕಾಣುತ್ತದೆ, ಬುಗ್ಗೆಯ ನೀರು ಒಳಗೆ ಬರುತ್ತಾ ಹೊರಗೆ ಹೋಗುತ್ತಾ ಇರುತ್ತದೆ. ಕಾಲಕಾಲೇಶ್ವರದಲ್ಲಿ ಹನಿಯಾಗಿ ನೋಡಿದ್ದನ್ನು ಇಲ್ಲಿ ಹೊಂಡ ತುಂಬಾ ನೋಡಿದೆವು. ಹುಡುಗರು ಕಟ್ಟೆಯಿಂದ ದುಮುಕುತ್ತಿದ್ದರು. ಅಳಿಯ ನನ್ನ ಮುಖ ನೋಡಿದ, ನಾನು ತಲೆ ಆಡಿಸಿದೆ, ಆಮೇಲೆ ಒಂದು ಗಂಟೆ ಅವನು ಸಿಗಲಿಲ್ಲ.

ನಮ್ಮಾಕೆ ಬಂದಳು. ಬರೀ ಕಾರು ತಂದಿರಲಿಲ್ಲ, ಊಟವನ್ನೂ ತಂದಿದ್ದಳು. ಬನಶಂಕರಿ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಹತ್ತಿರ ಖಡಕ್ ರೊಟ್ಟಿ, ಝುಣಕ, ಮಡಿಕಿಕಾಳು ಪಲ್ಯ, ಕೆಂಪು ಚಟ್ನಿ, ಕುಡಿಕೆಯಲ್ಲಿ ಮೊಸರು. "ಎಷ್ಟ ಮಂದಿಗೆ ಅಂತ ಕೇಳಿದ್ಲು, ಮೂರು ಅಂದೆ. ಐದು ಮಂದಿದು ಕಟ್ಟಿಕೊಟ್ಲು, ಗಂಡಸರು ಗುಡ್ಡ ಹತ್ತಿ ಬರ್ತಾರ ಅಂತ ಹೇಳಿದ್ದು ತಪ್ಪಾತು" ಅಂತ ನಕ್ಕಳು. ಐದು ಮಂದಿಯದೂ ಖಾಲಿಯಾಯಿತು.

ಐಹೊಳೆ ಬಿಟ್ಟೆವು. ಅದನ್ನು ಪಟ್ಟದಕಲ್ಲಿನ ಜೊತೆ ಒಂದೇ ಮಧ್ಯಾಹ್ನದಲ್ಲಿ ತುರುಕುವುದು ಎರಡಕ್ಕೂ ಅನ್ಯಾಯ.

ಪಟ್ಟದಕಲ್ಲಿನಲ್ಲಿ ಕಲ್ಲು ಗುಡ್ಡದಿಂದ ಎದ್ದು ಬಂದು ಗುಡಿಯಾಗಿದೆ. ಬಾದಾಮಿಯಲ್ಲಿ ಗುಡ್ಡ ಇದ್ದಲ್ಲಿಗೆ ಮನುಷ್ಯ ಹೋಗಿ ಕೊರೆದ, ಇಲ್ಲಿ ಕಲ್ಲನ್ನು ಕಡಿದು ತಂದು ಹೊಳೆಯ ದಂಡೆಯಲ್ಲಿ ಪೇರಿಸಿದ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ, 740ರ ಸುಮಾರಿಗೆ. ಕಟ್ಟಿದ ಆಚಾರಿ ಗುಂಡನ ಹೆಸರು ಶಾಸನದಲ್ಲಿ ಉಳಿದಿದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಗುಡಿಗಳೊಳಗೆ ನೀರು ನುಗ್ಗಿತ್ತು, ಟಿವಿಯಲ್ಲಿ ನೋಡಿ ಎದೆ ಧಸಕ್ ಅಂದಿತ್ತು. ನಾವು ಹೋದಾಗ ಹೊಳೆ ಮೂಲೆಯಲ್ಲಿ ಸಣ್ಣಗೆ ಹರಿಯುತ್ತಿತ್ತು, ಅದಕ್ಕೆ ಏನೂ ಗೊತ್ತೇ ಇಲ್ಲ ಅನ್ನುವಂತೆ.

ಇಲ್ಲಿನ ಕೆತ್ತನೆ ನೋಡುತ್ತಾ ನನಗೆ ನಮ್ಮ ಲಕ್ಕುಂಡಿ ತಲೆಯೊಳಗೆ ಬಂತು. ಗದಗಿನವರಿಗೆ ಗುಡಿ ಅಂದ್ರೆ ಲಕ್ಕುಂಡಿಯೇ: ಕಪ್ಪು-ಹಸಿರು ಕಲ್ಲು, ಬಾಗಿಲ ಚೌಕಟ್ಟಿನಲ್ಲಿ ಬೆರಳ ತುದಿಯಷ್ಟು ಬಳ್ಳಿ, ಕಂಬ ಹೊಳಪು. ಅದನ್ನು ನೋಡಿ ಬೆಳೆದ ಕಣ್ಣಿಗೆ ಬಾದಾಮಿ, ಪಟ್ಟದಕಲ್ಲು ಸ್ವಲ್ಪ ಒರಟು ಅನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಎರಡು ದಿನ ಈ ಕಲ್ಲನ್ನು ಕೈಯಿಂದ ಉಜ್ಜಿ ಬಂದ ಮೇಲೆ ಲೆಕ್ಕ ಬೇರೆ. ಮರಳುಗಲ್ಲಿನ ಕಣ ದಪ್ಪ. ಬೆರಳ ತುದಿಯಷ್ಟು ಬಳ್ಳಿ ಕೆತ್ತಲು ಹೋದರೆ ಕಣವೇ ಉದುರುತ್ತದೆ. ಆದ್ದರಿಂದ ಬಾದಾಮಿಯವರು ದೊಡ್ಡದಾಗಿ ಯೋಚಿಸಿದರು: ಆಳೆತ್ತರದ ಮೂರ್ತಿ, ಅಗಲ ಎದೆ, ತುಂಬು ತೋಳು, ಮೈಯ ಬಾಗು. ಸಣ್ಣ ಕುಸುರಿ ಇಲ್ಲದೆ ಆ ನಟರಾಜ ಕುಣಿಯುವುದು ನೋಡಿ! ಮುಂದೆ ಕಲ್ಯಾಣ ಚಾಲುಕ್ಯರ ಕಾಲಕ್ಕೆ ನಮ್ಮ ಗದಗ ಕಡೆಯ ಮೆತ್ತಗಿನ, ನುಣುಪಾದ ಬಳಪದ ಕಲ್ಲು ಶಿಲ್ಪಿಗಳ ಕೈಗೆ ಬಂತು. ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಳು, ಆಮೇಲೆ ಕಾಶಿವಿಶ್ವನಾಥ ಗುಡಿ ಬಂತು, ಉಳಿ ಎಷ್ಟು ಸಣ್ಣದಾಗಬಹುದೋ ಅಷ್ಟೂ ಸಣ್ಣದಾಯಿತು. ಶಿಲ್ಪಿಯ ಕೌಶಲ ಹೆಚ್ಚಾಯಿತು, ಕಡಿಮೆಯಾಯಿತು ಅಂತ ಅಳೆಯುವುದಕ್ಕಿಂತ ಕಲ್ಲು ಬದಲಾಯಿತು ಅನ್ನುವುದು ಸರಿ. ಇದನ್ನು ಜೋರಾಗಿ ಹೇಳಿದೆ. "ಇದನ್ನ ನಾ ಮೊನ್ನೆನ ಹೇಳಿದ್ದೆ" ಅಂದ ಅಳಿಯ. ಹೇಳಿರಲಿಲ್ಲ.

ಪಟ್ಟದಕಲ್ಲು ಬಿಟ್ಟಾಗ ಐದೂವರೆ. ಬಾದಾಮಿಯಿಂದ ಗದಗ ಸುಮಾರು 70 ಕಿಲೋಮೀಟರ್, ರಾತ್ರಿ ಊಟಕ್ಕೆ ಮನೆ ಸೇರಿದೆವು.

ಹೋಗುವವರಿಗೆ ಒಂದೆರಡು ಮಾತು. ಕಾರು ಇಲ್ಲದಿದ್ದರೂ ತೊಂದರೆ ಇಲ್ಲ, ಹುಬ್ಬಳ್ಳಿ-ಗದಗದಿಂದ ಬಾದಾಮಿಗೆ ರೈಲು ಇದೆ, ಸ್ಟೇಷನ್‌ನಿಂದ ಊರಿಗೆ ಟಂಟಂ, ಆಟೋ ಸಿಗುತ್ತವೆ. ಸಿಡಿಲಫಡಿ ದಾರಿಯಲ್ಲಿ ಒಂದು ಅಂಗಡಿಯೂ ಇಲ್ಲ, ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು, ಖಾಲಿ ಬಾಟಲಿ ವಾಪಸ್ ತನ್ನಿ. ಬೂಟು ಇಲ್ಲದಿದ್ದರೂ ಹಿಡಿತ ಇರುವ ಚಪ್ಪಲಿ ಇರಲಿ, ಬಂಡೆಯ ಮೇಲಿನ ಸಡಿಲ ಮರಳಿಗೆ ಕಾಲು ಜಾರುತ್ತದೆ. ಮಾರ್ಚ್ ನಂತರ ಆ ಬಂಡೆಗಳು ಕಾಯುತ್ತವೆ, ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಬನದ ಹುಣ್ಣಿಮೆ ಹೊತ್ತಿನ ಬನಶಂಕರಿ ಜಾತ್ರೆಯ ದಿನಗಳನ್ನು ಬಿಟ್ಟು. ಆಗ ಲಾಡ್ಜಿನಲ್ಲಿ ರೂಮು ಸಿಗುವುದಿಲ್ಲ, ರಸ್ತೆಯಲ್ಲಿ ಗಾಡಿ ಮುಂದೆ ಹೋಗುವುದಿಲ್ಲ. ಜಾತ್ರೆಗೇ ಹೊರಟಿದ್ದರೆ ಆ ಮಾತು ಬೇರೆ.